ಹೊಗಳಿಕೆಯಲ್ಲದ ‘ಬೊವೈನ್’

ಹಲವು ವರ್ಷಗಳ ಹಿಂದಿನ ಮಾತು. ಆಗ ನಾವು ಮುಂಬಯಿಯಲ್ಲಿ ಹೋಟೆಲು ನಡೆಸುತ್ತ ಗಲ್ಲಾದ ಮೇಲೆ ಕುಳಿತಿರುತ್ತಿದ್ದೆವು. ಒಂದು ಮಧ್ಯಾಹ್ನ ಊಟ ಮುಗಿಸಿ ಹೊರಟ ಗಿರಾಕಿಯೊಬ್ಬರು ನಮ್ಮ ಮಾಣಿಯತ್ತ ಕೈತೋರಿಸಿ, ಇಂಗ್ಲಿಷಿನಲ್ಲಿ “ಇವನು ಬೊವೈನ್” ಎಂದರು. ಅದು ಗೋವಿಗೆ ಸಂಬಂಧಿಸಿದ ಶಬ್ದವೆಂದಷ್ಟೇ ನಾವು ಶಾಲೆಯಲ್ಲಿ ಕಲಿತಿದ್ದೆವು. ಹುಡುಗನು ಹಸುವಿನಂತೆ ಸಾಧುವೆಂದು ಹೊಗಳಿದರೆಂದು ಬಗೆದು, ಕೈಮುಗಿದು ವಂದಿಸಿದೆವು. ಅವರು ನಕ್ಕು ನಡೆದರು.

ಆ ದಿನ ರಾತ್ರಿಶಾಲೆಯಿಂದ ಮರಳಿದ ಅದೇ ಮಾಣಿಯು ಒಂದು ನಿಘಂಟನ್ನು ನಮ್ಮ ಮುಂದೆ ತೆರೆದಿಟ್ಟು, “ಧಣಿಗಳೇ, ಮನುಷ್ಯನಿಗೆ ಹೇಳಿದರೆ ಜಡ, ಮಂದಬುದ್ಧಿ ಎಂದು ಅರ್ಥವಂತೆ” ಎಂದನು. ಬೆಳಗಿನ ನಾಲ್ಕು ಗಂಟೆಗೆ ಎದ್ದು ದುಡಿಯುತ್ತಿದ್ದ ಹುಡುಗನಿಗಾದ ಅವಮಾನಕ್ಕೆ ನಾವು ಕೈಮುಗಿದಿದ್ದೆವು!

ವಾಚಕರೇ, ಇಂಗ್ಲಿಷಿನಲ್ಲಿ ಇಂತಹ ಗುಣವಾಚಕಗಳು ಹಲವಿವೆ. ಆಂಗ್ಲರು ಪ್ರಾಣಿಯನ್ನು ಕರೆಯುವುದು ಮನೆಮಾತಿನಿಂದ; ಅದರ ಗುಣವನ್ನು ಹೇಳುವಾಗ ಮಾತ್ರ ಲ್ಯಾಟಿನಿನ ಮೊರೆಹೋಗುವರು. ನಾಯಿ ‘ಡಾಗ್’ ಆದರೂ ಗುಣವಾಚಕವು ‘ಕೇನೈನ್’; ಬೆಕ್ಕು ‘ಕ್ಯಾಟ್’ ಆದರೂ ‘ಫೀಲೈನ್’; ಕುದುರೆ ‘ಹಾರ್ಸ್’ ಆದರೂ ‘ಈಕ್ವೈನ್’. ಇದರಲ್ಲಿ ನಾವು ಸೋಜಿಗಪಡಬೇಕಾದುದಿಲ್ಲ. ನಾವೂ ನಾಯಿಯನ್ನು ನಾಯಿಯೆಂದೇ ಕರೆದು, ಅದರ ಎಚ್ಚರದ ನಿದ್ದೆಯನ್ನು ಶ್ವಾನನಿದ್ರೆ ಎನ್ನುತ್ತೇವೆ. ಆನೆಯ ನಡಿಗೆಯನ್ನು ಗಜಗಮನ ಎನ್ನುತ್ತೇವೆ. ಇನ್ನೂ ಒಂದು ವಿಶೇಷವುಂಟು. ಲ್ಯಾಟಿನಿನ ‘ಈಕ್ವಸ್’, ‘ಕ್ಯಾನಿಸ್’, ‘ಬೋಸ್’ ಎಂಬ ಶಬ್ದಗಳೂ ಸಂಸ್ಕೃತದ ‘ಅಶ್ವ’, ‘ಶ್ವನ್’, ‘ಗೋ’ ಶಬ್ದಗಳೂ ಒಂದೇ ಪ್ರಾಚೀನ ಮೂಲದಿಂದ ಬಂದವೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ‘ಬೊವೈನ್’ ನಮ್ಮ ಗೋವಿನ ದೂರದ ದಾಯಾದಿಯೇ ಸರಿ!

ಆದರೆ ನಂಟು ಒಂದಾದರೂ ಬೆಲೆ ಒಂದಲ್ಲ. ಕೆಲವು ಶಬ್ದಗಳಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ದಂತವೈದ್ಯರು ‘ಕೇನೈನ್’ ಎಂದರೆ ಕೋರೆಹಲ್ಲು ಅಷ್ಟೇ. ಸಿಂಹದಿಂದ ಬಂದ ‘ಲಿಯೊನೈನ್’ ಗಾಂಭೀರ್ಯವನ್ನು ಸೂಚಿಸುವುದು. ಗರುಡನ ಕೊಕ್ಕಿನಂತೆ ಬಾಗಿದ ಮೂಗಿಗೆ ‘ಅಕ್ವಿಲೈನ್’ ಎನ್ನುವರು. ‘ಫೀಲೈನ್’ ಒಮ್ಮೆ ನಡಿಗೆಯ ಬೆಡಗು, ಇನ್ನೊಮ್ಮೆ ಒಳಗಿನ ಕಪಟ. ನರಿಯಿಂದ ಬಂದ ‘ವಲ್ಪೈನ್’ ಧೂರ್ತನಿಗೆ, ಹಂದಿಯಿಂದ ಬಂದ ‘ಪೋರ್ಸೈನ್’ ಕೊಬ್ಬಿದ ಮೋರೆಗೆ. ಕತ್ತೆಯಿಂದ ಬಂದ ‘ಆಸಿನೈನ್’ ಎಂಬುದಂತೂ ಈಗ ಕತ್ತೆಗಿಂತ ಹೆಚ್ಚಾಗಿ ಮನುಷ್ಯರ ಮೂರ್ಖತನಕ್ಕೇ ಸಲ್ಲುತ್ತಿದೆ. ಗುಮಾಸ್ತ ಬಂಧುಗಳು ಗಮನಿಸಬೇಕು: ಕತ್ತೆಯ ‘ಆಸ್’ಗೆ ಎರಡು ‘ಎಸ್’, ‘ಆಸಿನೈನ್’ಗೆ ಒಂದೇ.

ಸಾಧುತನಕ್ಕೆ ನಾವು ಪೂಜಿಸುವ ಹಸುವನ್ನೇ ಇನ್ನೊಬ್ಬರ ಭಾಷೆ ಜಡತೆಗೆ ಉಪಮಾನವಾಗಿಸಿದೆ. ಆದುದರಿಂದ ಅನ್ಯಭಾಷೆಯ ಶಬ್ದಕ್ಕೆ ಮೂಲವನ್ನು ತಿಳಿದರೆ ಸಾಲದು, ಬಳಕೆಯನ್ನೂ ತಿಳಿಯಬೇಕು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರಿಗೆ ಇದು ಬರಿಯ ಪಾಂಡಿತ್ಯದ ಮಾತಲ್ಲ, ಮಾನದ ಮಾತು. ಬೈದವರ ನಾಲಿಗೆಯನ್ನು ನಾವು ತಿದ್ದಲಾರೆವು. ಬೈಗುಳಕ್ಕೆ ಕೈಮುಗಿಯದಷ್ಟು ವಿದ್ಯೆಯನ್ನಾದರೂ ಸಂಪಾದಿಸಬಹುದು.

ಮರುದಿನ ಬೆಳಿಗ್ಗೆ ಆ ಹುಡುಗನಲ್ಲಿ ಕ್ಷಮೆ ಕೇಳಿದೆವು. ಅಂದಿನಿಂದ ನಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ನಿಘಂಟನ್ನು ಇಟ್ಟುಕೊಂಡೆವು. ಅದನ್ನು ನಮಗಿಂತ ಹೆಚ್ಚಾಗಿ ತೆರೆದವನು ಆ ಮಾಣಿಯೇ.