ವಿದ್ಯಾರ್ಥಿಯ ಕೋಣೆಗೆ ಹಳೆಯ ಸಾಮಾನು

ಚಿತ್ರದುರ್ಗ ಜಿಲ್ಲೆಯ ಮಳೆಯಾಶ್ರಿತ ಬಯಲಿನಲ್ಲಿ ಕಾಲೇಜು ಪ್ರವೇಶದ ತಿಂಗಳುಗಳೂ ಶೇಂಗಾ ಬಿತ್ತನೆಯ ತಿಂಗಳುಗಳೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಊರಿನ ರೈತ ಕುಟುಂಬವು ಬೀಜ, ಗೊಬ್ಬರ, ಉಳುಮೆಗೆಂದು ಕೈಯಲ್ಲಿದ್ದುದನ್ನೆಲ್ಲ ಹೊಲಕ್ಕೆ ಹಾಕಿದ ಹೊತ್ತಿಗೇ ಮಗನನ್ನೋ ಮಗಳನ್ನೋ ಚಿತ್ರದುರ್ಗಕ್ಕೆ, ದಾವಣಗೆರೆಗೆ ಅಥವಾ ಹೆದ್ದಾರಿಯ ಇನ್ನೊಂದು ದಿಕ್ಕಿನ ತುಮಕೂರು, ಬೆಂಗಳೂರುಗಳಿಗೆ ಓದಲು ಕಳಿಸಬೇಕಾಗುತ್ತದೆ. ಶುಲ್ಕ, ಪುಸ್ತಕ, ಕೋಣೆಯ ಅಡ್ವಾನ್ಸು ಇವುಗಳ ಲೆಕ್ಕವನ್ನು ಮೊದಲೇ ಹಾಕಿದವರಿಗೂ ಮಂಚ, ಹಾಸಿಗೆ, ಮೇಜು, ಫ್ಯಾನು, ಬಕೆಟ್ಟುಗಳ ಲೆಕ್ಕ ನೆನಪಾಗುವುದು ಹೊರಡುವ ವಾರದಲ್ಲಿ. ಆ ಆತುರದಲ್ಲಿ ಕೊಂಡದ್ದು ಹೊಸತಾದರೂ ದುಬಾರಿಯೇ, ಹಳೆಯದಾದರೂ ದುಬಾರಿಯೇ.

ಈ ಖರ್ಚು ಎಲ್ಲರಿಗೂ ಒಂದೇ ತೆರನಾಗಿ ಬರುವುದಿಲ್ಲ. ಹತ್ತನೆಯ ತರಗತಿ ಮುಗಿಸಿ ಮುಂದೆ ಓದುವವರಿಗಾಗಿ ಸರ್ಕಾರದ ಇಲಾಖೆಗಳು ನಡೆಸುವ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಲ್ಲಿ ಊಟದೊಂದಿಗೆ ಮಂಚ, ಹಾಸಿಗೆಗಳೂ ಸಾಮಾನ್ಯವಾಗಿ ದೊರೆಯುತ್ತವೆ; ತುಮಕೂರಿನ ಸಿದ್ಧಗಂಗೆ, ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆ ಮುಂತಾದ ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಓದಿದ ಹಿಂದಿನ ತಲೆಮಾರಿಗಂತೂ ಒಂದು ಟ್ರಂಕು, ಒಂದು ಚಾಪೆ, ತಟ್ಟೆ ಮತ್ತು ಲೋಟಗಳೇ ಸಕಲ ಸಾಮಗ್ರಿಯಾಗಿದ್ದವು. ಹಾಸ್ಟೆಲಿನಲ್ಲಿ ಸೀಟು ಸಿಗದವರು ಮೂರ್ನಾಲ್ಕು ಮಂದಿ ಸೇರಿ ಬಾಡಿಗೆಗೆ ರೂಮು ಮಾಡುತ್ತಾರೆ. ಅಂಥ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 2013–14ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆಯು ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷದ ಹತ್ತು ತಿಂಗಳಿಗೆ ಸಹಾಯಧನವನ್ನು ಗೊತ್ತುಪಡಿಸಿತು. ಅದರಲ್ಲಿ ಬಾಡಿಗೆ ಕಳೆದು, ಅಕ್ಕಿ, ಬೇಳೆ ಕಳೆದು, ಮಂಚಕ್ಕೆ ಉಳಿಯುವುದೇನೂ ಇಲ್ಲವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಸಾಮಾನು ಅಗ್ಗವೆಂಬ ಮಾತು ಅರ್ಧ ನಿಜ. ಅಂಗಡಿಯವನಿಗೆ ಕೊಟ್ಟ ಹಣಕ್ಕೆ ದುರಸ್ತಿಯ ಖರ್ಚನ್ನೂ ಸಾಗಣೆಯ ಖರ್ಚನ್ನೂ ಕೂಡಿಸಿ, ಮೂರು ವರ್ಷದ ಪದವಿ ಮುಗಿದ ಮೇಲೆ ಅದೇ ವಸ್ತು ಎಷ್ಟಕ್ಕೆ ಮಾರಿಹೋಗಬಹುದೋ ಅಷ್ಟನ್ನು ಕಳೆದರೆ ಉಳಿಯುವುದೇ ಅದರ ನಿಜವಾದ ಬೆಲೆ. ಈ ಲೆಕ್ಕ ಹಿಡಿದರೆ ಹೊಸ ಮಂಚಕ್ಕಿಂತ ಹಳೆಯ ಕಬ್ಬಿಣದ ಮಂಚ ಎಷ್ಟೋ ವಾಸಿ, ಏಕೆಂದರೆ ಹೊಸತಾಗಿದ್ದಾಗಿನ ಬೆಲೆಯ ದೊಡ್ಡ ಪಾಲು ಮೊದಲ ಮಾಲೀಕನ ಕೈಯಲ್ಲೇ ಇಳಿದುಹೋಗಿದ್ದು, ಎರಡನೆಯವನ ಕೈಯಲ್ಲಿ ಅದು ಹೆಚ್ಚೇನೂ ಇಳಿಯುವುದಿಲ್ಲ. ಸಾಗಣೆಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸಿನಲ್ಲಿ ವಯಸ್ಕ ಪ್ರಯಾಣಿಕರೊಬ್ಬರು 30 ಕಿಲೋ ತೂಕದ ಲಗೇಜನ್ನು ಉಚಿತವಾಗಿ ಒಯ್ಯಬಹುದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ವಿದ್ಯಾರ್ಥಿನಿಗೂ ಅವಳನ್ನು ಬಿಟ್ಟುಬರಲು ಹೊರಟ ತಾಯಿಗೂ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವೂ ಉಳಿಯುತ್ತದೆ. ಆದ್ದರಿಂದ ಟ್ರಂಕು, ಹೊದಿಕೆ, ಪಾತ್ರೆಗಳು ಊರಿನಿಂದಲೇ ಹೊರಡಬೇಕು. ಮಂಚ, ಮೇಜುಗಳನ್ನು ಓದುವ ಊರಿನಲ್ಲೇ ಹುಡುಕಬೇಕು. ಗೂಡ್ಸ್ ಆಟೋದ ಬಾಡಿಗೆಯೇ ಮಂಚದ ಬೆಲೆಯನ್ನು ಮೀರಿದರೆ ಚೌಕಾಸಿಗೆ ಅರ್ಥವಿರುವುದಿಲ್ಲ.

ಊರಿನಿಂದ ಬರುವ ವಸ್ತುಗಳಿಗೆ ಇನ್ನೊಂದು ಗುಣವಿದೆ: ಅವುಗಳ ಪೂರ್ವೋತ್ತರ ಮನೆಯವರಿಗೆ ಗೊತ್ತಿರುತ್ತದೆ. ಚಳ್ಳಕೆರೆಯ ಕಡೆಯ ಕುರಿ ಉಣ್ಣೆಯ ಕಂಬಳಿ ಹತ್ತಾರು ವರ್ಷ ಬಳಸಿದ ಮೇಲೂ ಬೆಚ್ಚಗಿರುತ್ತದೆ. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿಟ್ಟು ಹೊಲಿದ ಕೌದಿಯಂತೂ ಹುಟ್ಟಿನಿಂದಲೇ ಮರುಬಳಕೆಯ ವಸ್ತು. ಹೊಸ ಪಾಲಿಯೆಸ್ಟರ್ ರಗ್ಗನ್ನು ಕೊಡಿಸಿ ಕಳಿಸುವುದೇ ಮರ್ಯಾದೆಯೆಂದು ತಿಳಿಯುವ ಮನೆಗಳು ಕಡಿಮೆಯೇನಿಲ್ಲ, ಆದರೆ ಬೆಚ್ಚನೆಯ ವಿಷಯದಲ್ಲಿ ಕಂಬಳಿಯೇ ಗೆಲ್ಲುತ್ತದೆ.

ಹಳೆಯ ಸಾಮಾನಿನಲ್ಲಿ ಅತಿ ಕಷ್ಟದ ಆಯ್ಕೆಯೆಂದರೆ ಹಾಸಿಗೆ. ಫೋಮ್ ಹಾಸಿಗೆ, ಅಂದರೆ ರಾಸಾಯನಿಕಗಳಿಂದ ಉಬ್ಬಿಸಿದ ಸ್ಪಂಜಿನಂಥ ಪದಾರ್ಥದ ಹಾಸಿಗೆ, ಒಮ್ಮೆ ಮಧ್ಯದಲ್ಲಿ ಕುಸಿದರೆ ಮತ್ತೆ ಏಳುವುದಿಲ್ಲ. ಒಳಗಿಳಿದ ಬೆವರು, ತೇವಗಳನ್ನು ತೊಳೆದು ತೆಗೆಯಲೂ ಆಗುವುದಿಲ್ಲವಾದ್ದರಿಂದ ಬಳಸಿದ ಫೋಮನ್ನು ಕೊಳ್ಳದಿರುವುದೇ ಲೇಸು. ಹತ್ತಿಯ ಹಾಸಿಗೆಯ ಮಾತು ಬೇರೆ. ಗಂಟುಗಟ್ಟಿ ಹಲಗೆಯಂತಾದ ಹಾಸಿಗೆಯನ್ನೂ ಬಿಚ್ಚಿ, ಹತ್ತಿಯನ್ನು ಹಿಂಜಿಸಿ, ಹೊಸ ಹೊದಿಕೆಗೆ ತುಂಬಿಸಿದರೆ ಅದು ಬಹುಮಟ್ಟಿಗೆ ಮೊದಲಿನಂತೆಯೇ ಆಗುತ್ತದೆ. ಈ ಕೆಲಸವನ್ನು ಕುಲಕಸುಬಾಗಿ ಮಾಡಿಕೊಂಡು ಬಂದವರು ಪಿಂಜಾರರು, ನದಾಫರೆಂದೂ ಕರೆಯಲ್ಪಡುವ ಸಮುದಾಯ. ಚಿತ್ರದುರ್ಗ ಸೀಮೆಯಲ್ಲಿ ಅವರ ಮನೆಗಳು ಬಹಳ. ಅವರ ಹಳೆಯ ಉಪಕರಣವು ಆಳುದ್ದದ ಬಿಲ್ಲು. ಅದರ ಬಿಗಿದ ನರದ ಹುರಿಯನ್ನು ಹತ್ತಿಯ ರಾಶಿಗೆ ತಾಗುವಂತೆ ಹಿಡಿದು, ಮರದ ಕೊಡತಿಯಿಂದ ಮೀಟಿದಾಗ ಹುರಿಯ ಕಂಪನಕ್ಕೆ ಸಿಕ್ಕ ಎಳೆಗಳು ಬಿಡಿಬಿಡಿಯಾಗಿ ಹಾರಿ ಆಚೆ ಬೀಳುತ್ತವೆ. ಎಳೆಗಳ ನಡುವೆ ಸಿಕ್ಕಿದ್ದ ಧೂಳು, ಕಸ, ಬೀಜದ ಚೂರುಗಳು ಭಾರದಿಂದ ಕೆಳಗುದುರುತ್ತವೆ. ಈಗ ಪಟ್ಟಣಗಳಲ್ಲಿ ಈ ಕೆಲಸವನ್ನು ಮೋಟಾರಿನ ಯಂತ್ರ ಮಾಡುತ್ತದೆ, ತತ್ತ್ವ ಮಾತ್ರ ಅದೇ. ಯಾರೋ ಬಿಟ್ಟುಹೋದ ಹತ್ತಿ ಹಾಸಿಗೆಯನ್ನು ಅಗ್ಗಕ್ಕೆ ಪಡೆದು, ಮುದುರಿದ ಅಂಚುಗಳನ್ನೂ ಕಲೆಗಳನ್ನೂ ಲೆಕ್ಕಿಸದೆ, ನೇರವಾಗಿ ಪಿಂಜಾರರ ಅಂಗಡಿಗೇ ಒಯ್ಯುವುದು ಬುದ್ಧಿವಂತರ ದಾರಿ. ಹೊಲಿಗೆ ಬಿಚ್ಚಿದಾಗ ಒಳಗಿನ ಹತ್ತಿಯ ಗುಣವೂ ಕಣ್ಣಿಗೆ ಬೀಳುತ್ತದೆ; ಹೊಸ ಹಾಸಿಗೆ ಕೊಳ್ಳುವಾಗ ಆ ಅವಕಾಶವಿಲ್ಲ.

ಹಾಸಿಗೆ, ಮಂಚಗಳ ಜತೆಗೆ ಬರಬಹುದಾದ ಅತಿಥಿ ತಿಗಣೆ. ಬೆಳೆದ ತಿಗಣೆ 4–5 ಮಿಲಿಮೀಟರ್ ಉದ್ದವಿದ್ದು, ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕಿರಬಲ್ಲದಾದ್ದರಿಂದ ರಜೆಯಲ್ಲಿ ಖಾಲಿಯಿದ್ದ ಕೋಣೆಯ ಮಂಚವೆಂಬುದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಕೊಳ್ಳುವ ಮುನ್ನ ಮಂಚವನ್ನು ತಲೆಕೆಳಗಾಗಿಸಿ, ಕಾಲೂ ಪಟ್ಟಿಯೂ ಕೂಡುವ ಸಂದಿಗಳಲ್ಲಿ, ತಿರುಪುಮೊಳೆಯ ತೂತುಗಳಲ್ಲಿ, ಹಾಸಿಗೆಯಾದರೆ ಅಂಚಿನ ಹೊಲಿಗೆಯ ಉದ್ದಕ್ಕೂ ಮೊಬೈಲಿನ ಬೆಳಕು ಹಾಯಿಸಿ ನೋಡಬೇಕು. ಶಾಯಿಯ ಹನಿಯಂಥ ಕಪ್ಪು ಚುಕ್ಕೆಗಳು ಒತ್ತಾಗಿದ್ದರೆ ಅದು ತಿಗಣೆಯ ಹಿಕ್ಕೆ. ಕಬ್ಬಿಣದ ಮಂಚವಾದರೆ ಅಂಗಳದಲ್ಲಿಟ್ಟು ಸಂದಿಗಳಿಗೆ ಕುದಿಯುವ ನೀರು ಹೊಯ್ಯುವ ಹಳೆಯ ಉಪಾಯವೇ ಸಾಕು, ಏಕೆಂದರೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ತಿಗಣೆಯಾಗಲಿ ಅದರ ಮೊಟ್ಟೆಯಾಗಲಿ ತಾಳಲಾರವು. ಬರಿಯ ಬಿಸಿಲಿಗೆ ಒಡ್ಡಿದರೆ ಅವು ನೆರಳಿನ ಮಗ್ಗುಲಿಗೆ ಸರಿದು ಉಳಿದುಕೊಳ್ಳುತ್ತವೆ.

ಮೇಜಿನ ವಿಷಯದಲ್ಲಿ ಮರದ ಜಾತಿ ನೋಡುವುದಕ್ಕಿಂತ ಮೊದಲು ಅದು ಮರವೇ ಎಂದು ನೋಡಬೇಕು. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ನೀರು ತಾಗಿದ ಕಡೆ ಊದಿಕೊಳ್ಳುತ್ತದೆ. ಬಿಚ್ಚಿ ಮತ್ತೆ ಜೋಡಿಸಿದಾಗ ತಿರುಪುಗಳು ಅದರಲ್ಲಿ ಮೊದಲಿನಂತೆ ಕಚ್ಚಿಕೊಳ್ಳುವುದಿಲ್ಲ. ನೋಡಲು ನುಣುಪಾಗಿರುವ ಅಂಥ ಮೇಜಿಗಿಂತ, ಹಳೆಯ ಕಚೇರಿಯಿಂದ ಹರಾಜಾಗಿ ಗುಜರಿ ಸೇರಿದ, ಶಾಯಿಯ ಕಲೆ ತುಂಬಿದ ಮರದ ಮೇಜು ಮೇಲು. ಮರದಲ್ಲಿ ಸಣ್ಣ ದುಂಡು ತೂತುಗಳಿದ್ದು ಕೆಳಗೆ ಹಿಟ್ಟಿನಂಥ ಹೊಸ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಇನ್ನೂ ಬದುಕಿದೆಯೆಂದರ್ಥ. ಮೇಜಿನ ಎತ್ತರ ಸುಮಾರು ಎರಡೂವರೆ ಅಡಿ, ಕುರ್ಚಿಯ ಆಸನದ ಎತ್ತರ ಸುಮಾರು ಒಂದೂವರೆ ಅಡಿ ಇದ್ದರೆ ಗಂಟೆಗಟ್ಟಲೆ ಬರೆಯುವವರ ಬೆನ್ನಿಗೆ ಹಿತ. ಉಕ್ಕಿನ ಬೀರು, ಟ್ರಂಕುಗಳಲ್ಲಿ ಮೇಲಿನ ತುಕ್ಕು ದೋಷವೇ ಅಲ್ಲ, ಉಜ್ಜಿ ಬಣ್ಣ ಬಳಿದರೆ ಹೋಗುತ್ತದೆ. ತಳದ ತಗಡು ಬೆರಳಿಗೆ ಒತ್ತಿದಾಗ ಪುಡಿಯಾಗುತ್ತಿದ್ದರೆ ಮಾತ್ರ ಬಿಡಬೇಕು.

ವಿದ್ಯುತ್ ಉಪಕರಣಗಳಲ್ಲಿ ತಿರುಗುವವನ್ನು ಹಳೆಯದು ಕೊಳ್ಳಬಹುದು, ಕಾಯುವವನ್ನು ಕೊಳ್ಳಬಾರದು. ನಿಧಾನವಾಗಿ ತಿರುಗುವ ಸೀಲಿಂಗ್ ಫ್ಯಾನಿಗೆ ಅನೇಕ ಸಲ ಬೇಕಾಗುವುದು ಕೆಪಾಸಿಟರ್ ಎಂಬ ಸಣ್ಣ ಬಿಡಿಭಾಗದ ಬದಲಾವಣೆಯಷ್ಟೇ. ಆದರೆ ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ, ವಿದ್ಯುತ್ ಕೆಟಲ್‌ಗಳ ಒಳಗಿನ ನಿರೋಧಕ ಪದರ, ಅಂದರೆ ವಿದ್ಯುತ್ತು ಹೊರಗೆ ಹರಿಯದಂತೆ ತಡೆಯುವ ಹೊದಿಕೆ, ಎಷ್ಟು ಸವೆದಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. 6 ಆಂಪಿಯರಿನ ಸಾಮಾನ್ಯ ಪ್ಲಗ್ಗು 230 ವೋಲ್ಟಿನಲ್ಲಿ ಹೊರಬಲ್ಲದ್ದು 1,380 ವ್ಯಾಟ್. 1,500 ವ್ಯಾಟಿನ ಕಾಯಿಲನ್ನು ಹಳೆಯ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿ ಸ್ನಾನಕ್ಕೆ ಕಾಯುವ ಕೋಣೆಗಳಲ್ಲಿ ಪ್ಲಗ್ಗು ಕರಗುವುದು ಈ ಕಾರಣಕ್ಕೆ. ಕಾಯುವ ಉಪಕರಣಗಳನ್ನೂ ಎಕ್ಸ್‌ಟೆನ್ಷನ್ ಬಾಕ್ಸನ್ನೂ ಐಎಸ್‌ಐ ಗುರುತಿರುವ ಹೊಸತನ್ನೇ ಕೊಳ್ಳಬೇಕು. ಇಲ್ಲಿ ಉಳಿತಾಯದ ವಾದ ನಿಲ್ಲುವುದಿಲ್ಲ.

ಬೆಂಗಳೂರಿನಲ್ಲಿ ಓದುವವರಿಗೆ ಚಿಕ್ಕಪೇಟೆಯ ಆಸುಪಾಸಿನಲ್ಲಿ ಭಾನುವಾರ ಕೂಡುವ ಸಂಡೇ ಬಜಾರ್, ಹಳೆಯ ಪುಸ್ತಕಗಳಿಗೆ ಅವೆನ್ಯೂ ರಸ್ತೆ ಇವೆ. ಚಿತ್ರದುರ್ಗ, ದಾವಣಗೆರೆಗಳಂಥ ಊರುಗಳಲ್ಲಿ ಗುಜರಿಗಿಂತಲೂ ಒಳ್ಳೆಯ ಮೂಲವೆಂದರೆ ಓದು ಮುಗಿಸಿ ಕೋಣೆ ಬಿಡುವ ಹಿರಿಯ ವಿದ್ಯಾರ್ಥಿಗಳು. ತೊಡಕಿರುವುದು ಕಾಲದಲ್ಲಿ: ಪರೀಕ್ಷೆ ಮುಗಿಸಿದವರು ಹೊರಟಾಗ ಹೊಸಬರು ಇನ್ನೂ ಬಂದಿರುವುದಿಲ್ಲ, ನಡುವಿನ ವಾರಗಳಲ್ಲಿ ಮಂಚ, ಬಕೆಟ್ಟುಗಳು ಗುಜರಿಯವನ ಗಾಡಿ ಸೇರುತ್ತವೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ವಿದ್ಯಾರ್ಥಿಗಳೇ ಮುಂದೆ ಬಂದು, ವರ್ಷದ ಕೊನೆಯಲ್ಲಿ ಬಿಟ್ಟುಹೋಗುವ ಸಾಮಾನನ್ನು ಸಂಗ್ರಹಿಸಿಟ್ಟು ಮುಂದಿನ ವರ್ಷದ ಆರಂಭದಲ್ಲಿ ಹೊಸಬರಿಗೆ ಅಗ್ಗಕ್ಕೆ ಮಾರುವ ಏರ್ಪಾಡು ಮಾಡಿದರು. ಇಲ್ಲಿ ಅಷ್ಟು ದೊಡ್ಡ ವ್ಯವಸ್ಥೆಯ ಅಗತ್ಯವಿಲ್ಲ. ದ್ವಿತೀಯ ಪಿಯುಸಿ ಫಲಿತಾಂಶ ಬಂದ ಕೂಡಲೇ, ಅದೇ ಊರಿನಿಂದ ಹಿಂದೆ ಓದಲು ಹೋಗಿ ಈಗ ಕೊನೆಯ ಸೆಮಿಸ್ಟರಿನಲ್ಲಿರುವವರನ್ನು ವಿಚಾರಿಸಿ, ಸಾಮಾನಿನ ಬೆಲೆ ಮಾತಾಡಿ, ಸ್ವಲ್ಪ ಮುಂಗಡ ಕೊಟ್ಟು, ಕೋಣೆಯ ಮಾಲೀಕರ ಒಪ್ಪಿಗೆಯ ಮೇಲೆ ಅದನ್ನು ಅಲ್ಲೇ ಒಂದು ಮೂಲೆಯಲ್ಲಿ ಇರಿಸಿಕೊಂಡರೆ ಕೊಂಡವರಿಗೆ ಸಾಗಣೆಯ ಖರ್ಚು ತಪ್ಪುತ್ತದೆ. ಬಿಡುವವರಿಗೂ ಗುಜರಿಯವನು ತೂಕದ ಮೇಲೆ ಕೊಡುವುದಕ್ಕಿಂತ ಹೆಚ್ಚು ಹಣ ಕೈಸೇರುತ್ತದೆ.