ಶಾಸನಚಿತ್ರಗಳ ಡಿವಿಡಿ ಪ್ರತಿಗಳು: ಒಂದು ವಿವರಣೆ

ನಮ್ಮ ವಿಭಾಗದಲ್ಲಿ ಸಂಗ್ರಹವಾಗಿರುವ ಶಾಸನಗಳ ಹಾಗೂ ವೀರಗಲ್ಲುಗಳ ಛಾಯಾಚಿತ್ರಗಳನ್ನು ಡಿವಿಡಿಗಳಿಗೆ ಬರೆದು ಕಾಲೇಜುಗಳಿಗೆ ಕಳುಹಿಸುವ ಕಾರ್ಯ ಕೆಲವು ವರ್ಷಗಳ ಹಿಂದೆ ಈ ಲೇಖಕನ ಪಾಲಿಗೆ ಬಂದಿತು. ಪೆನ್‌ಡ್ರೈವ್ ಇರುವಾಗ ಡಿವಿಡಿ ಏತಕ್ಕೆಂದು ಕೇಳುವವರುಂಟು. ಡಿವಿಡಿ-ಆರ್ ತಟ್ಟೆಯಲ್ಲಿ ಒಮ್ಮೆ ಬರೆದುದನ್ನು ಮತ್ತೊಬ್ಬರು ತಿದ್ದಿ ಬೇರೆಯದನ್ನು ಬರೆಯಲು ಬಾರದು; ಇತಿಹಾಸದ ಆಧಾರಸಾಮಗ್ರಿಗೆ ಇದು ಸಾಮಾನ್ಯ ಗುಣವಲ್ಲ. ಇದ್ದ ಸಾಧನವಾದರೋ ಹಳೆಯ ಲ್ಯಾಪ್‌ಟಾಪೊಂದರ ಒಳಗಿನ ಡ್ರೈವ್ ಮಾತ್ರ. ಮೊದಲ ಸಲ ಹನ್ನೆರಡು ತಟ್ಟೆಗಳನ್ನು ಒಂದೇ ಮಧ್ಯಾಹ್ನದಲ್ಲಿ, ಅತ್ಯಧಿಕ ವೇಗದಲ್ಲಿ, ಒಂದರ ಹಿಂದೊಂದರಂತೆ ಬರೆದು, ಪರೀಕ್ಷಿಸದೆಯೇ ಅಂಚೆಗೆ ಹಾಕಿದೆನು. ಅವುಗಳಲ್ಲಿ ಕೊನೆಗೆ ಬರೆದ ನಾಲ್ಕು ತಟ್ಟೆಗಳು ಓದಲು ಬಾರವೆಂದು ಪತ್ರಗಳು ಬಂದವು. ಆ ವೇಳೆಗೆ ಸಂಗ್ರಹದಲ್ಲಿನ ಒಂದು ವೀರಗಲ್ಲು ರಸ್ತೆಯ ಅಗಲೀಕರಣದಲ್ಲಿ ಒಡೆದುಹೋಗಿದ್ದುದರಿಂದ, ಆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಚಿತ್ರವನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಡಿವಿಡಿಗೆ ಬರೆಯುವುದನ್ನು 'ಬರ್ನ್' ಮಾಡುವುದು ಎನ್ನುವರು. ಹೆಸರು ಅನ್ವರ್ಥಕವೇ. ತಟ್ಟೆಯೊಳಗೆ ತೆಳುವಾದ ಬಣ್ಣದ ಪದರವೊಂದಿದ್ದು, ಸುಮಾರು 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಕಿರಣವು ಅದನ್ನು ಅಲ್ಲಲ್ಲಿ ಕಾಯಿಸಿ ಮಾರ್ಪಡಿಸುತ್ತದೆ. ಓದುವ ಕಿರಣ ಕ್ಷೀಣವಾದುದು. ಪ್ರತಿಫಲನದ ವ್ಯತ್ಯಾಸದಿಂದ ಅದು ಮಾರ್ಪಟ್ಟ ಎಡೆಗಳನ್ನು ಗುರುತಿಸುತ್ತದೆ. ಒಂದು ಪದರದ ತಟ್ಟೆಯಲ್ಲಿ 4.7 ಗಿಗಾಬೈಟ್, ಎಂದರೆ 470 ಕೋಟಿ ಬೈಟ್ ಹಿಡಿಸುತ್ತದೆ. ಕಂಪ್ಯೂಟರು ಇದನ್ನೇ 1024ರ ಲೆಕ್ಕದಲ್ಲಿ ಭಾಗಿಸಿ 4.38 ಎಂದು ತೋರಿಸುವುದರಿಂದ ಅಂಗಡಿಯವನು ಮೋಸಮಾಡಿದನೆಂದು ಕೆಲವರು ಭಾವಿಸುವುದುಂಟು.

ವೇಗದ ಲೆಕ್ಕವನ್ನೂ ಅರಿತಿರಬೇಕು. ಮೂಲವೇಗ ಸೆಕೆಂಡಿಗೆ ಸುಮಾರು 13.85 ಲಕ್ಷ ಬೈಟ್. ಈ ವೇಗದಲ್ಲಿ ತುಂಬು ತಟ್ಟೆಯೊಂದಕ್ಕೆ 57 ನಿಮಿಷ, ನಾಲ್ಕು ಪಟ್ಟು ವೇಗದಲ್ಲಿ ಸುಮಾರು 14 ನಿಮಿಷ ಬೇಕು. ಲ್ಯಾಪ್‌ಟಾಪಿನ ಡ್ರೈವ್‌ಗಳ ಮೇಲೆ ಎಂಟು ಪಟ್ಟು ಎಂದು ನಮೂದಿಸಿದ್ದರೂ, ಸಾಮಾನ್ಯವಾಗಿ ಆ ವೇಗ ದೊರೆಯುವುದು ತಟ್ಟೆಯ ಹೊರ ಅಂಚಿನ ಬಳಿಯಲ್ಲಿ ಮಾತ್ರ. ಆದಕಾರಣ ಅವಸರದಿಂದ ಆಗುವ ಲಾಭ ತೋರುವಷ್ಟಿಲ್ಲ.

ನಷ್ಟವಾದರೋ ಉಂಟು. ಪ್ರತಿ ತಟ್ಟೆಗೂ ಬರೆಯುವ ಮುನ್ನ ಡ್ರೈವ್ ತನ್ನ ಕಿರಣದ ಶಕ್ತಿಯನ್ನು ತಟ್ಟೆಯ ಒಳಭಾಗದಲ್ಲಿ ಪರೀಕ್ಷಿಸಿ ನಿರ್ಧರಿಸಿಕೊಳ್ಳುತ್ತದೆ. ಲೇಸರಿನ ಶಕ್ತಿ ಕಾವಿನೊಡನೆ ಬದಲಾಗುವಂಥದು. ಲ್ಯಾಪ್‌ಟಾಪಿನ ಡ್ರೈವ್ ತೆಳುವಾದುದರಿಂದ ಕಾವು ಹೊರಹೋಗಲು ಎಡೆ ಕಡಿಮೆ. ಎಡೆಬಿಡದೆ ಬರೆಯುತ್ತಹೋದರೆ ಕೊನೆಕೊನೆಯ ತಟ್ಟೆಗಳು ಕೆಡುವ ಸಂಭವ ಹೆಚ್ಚು. ನನ್ನ ನಾಲ್ಕು ತಟ್ಟೆಗಳ ಗತಿಯೂ ಇದೇ ಇರಬೇಕು.

ಎರಡನೆಯ ಸಲ ಕ್ರಮವನ್ನು ಬದಲಿಸಿದೆನು. ಚಿತ್ರಗಳನ್ನೆಲ್ಲ ಮೊದಲು ಐಎಸ್‌ಒ ಎಂಬ ಒಂದೇ ಕಡತವಾಗಿ ಕಟ್ಟಿ, ಹಾರ್ಡ್‌ಡಿಸ್ಕಿನಲ್ಲಿ ಇರಿಸಿಕೊಂಡೆನು. ಎಲ್ಲ ತಟ್ಟೆಗಳಿಗೂ ಇದೇ ಮಾತೃಕೆಯಾದುದರಿಂದ ಪ್ರತಿಪ್ರತಿಗೂ ಕಡತಗಳನ್ನು ಆರಿಸುವ ಶ್ರಮವೂ, ಒಂದೆರಡು ಬಿಟ್ಟುಹೋಗುವ ಭಯವೂ ಇಲ್ಲ. ಇಮ್ಗ್‌ಬರ್ನ್ ಎಂಬ ಉಚಿತ ತಂತ್ರಾಂಶದಲ್ಲಿ ವೇಗವನ್ನೂ ಪ್ರತಿಗಳ ಸಂಖ್ಯೆಯನ್ನೂ ಮೊದಲೇ ಸೂಚಿಸಬಹುದು. ಬರೆದುದನ್ನು ಮಾತೃಕೆಯೊಡನೆ ಹೋಲಿಸಿ ನೋಡುವ ಏರ್ಪಾಡೂ ಉಂಟು. ನಾಲ್ಕು ಪಟ್ಟು ವೇಗ, ಹೋಲಿಕೆ, ಮೂರು ತಟ್ಟೆಗಳಿಗೊಮ್ಮೆ ಅರ್ಧ ಗಂಟೆಯ ಬಿಡುವು: ಇಷ್ಟಕ್ಕೆ ಹನ್ನೆರಡು ತಟ್ಟೆಗಳು ಒಂದು ಪೂರ್ಣ ದಿನವನ್ನು ತೆಗೆದುಕೊಂಡವು. ಲ್ಯಾಪ್‌ಟಾಪ್ ಗಟ್ಟಿ ಮೇಜಿನ ಮೇಲಿರಬೇಕು, ಚಾರ್ಜರು ಜೋಡಿಸಿರಬೇಕು, ಯಂತ್ರವು ನಡುವೆ ನಿದ್ರೆಗೆ ಜಾರದಂತೆ ಮಾಡಿರಬೇಕು. ತಟ್ಟೆಯನ್ನು ನಡುವಿನ ಗುಬಟಿಗೆ ಒತ್ತಿ ಕೂರಿಸುವಾಗ ಹೊರಚಾಚಿದ ತೆಳು ಹಲಗೆಗೆ ಕೆಳಗಿನಿಂದ ಕೈ ಆನಿಸುವುದು ಲೇಸು. ಅದು ಬಲು ನಾಜೂಕಾದುದು.

ಬರೆದ ಡ್ರೈವಿನಲ್ಲಿಯೇ ಓದಿ ನೋಡಿದರೆ ಸಾಲದು. ತನ್ನ ಬರಹವನ್ನು ತಾನೇ ಓದುವ ಡ್ರೈವ್ ಸ್ವಲ್ಪ ದಾಕ್ಷಿಣ್ಯ ತೋರಿಸುತ್ತದೆ! ಓಲೆಗರಿಯ ಲಿಪಿಕಾರರು ಗ್ರಂಥಾಂತ್ಯದಲ್ಲಿ ತಪ್ಪುಗಳನ್ನು ತಿದ್ದಿಕೊಳ್ಳಿರೆಂದು ಓದುಗರನ್ನು ಬೇಡುತ್ತಿದ್ದುದು ನಮಗೆ ತಿಳಿದಿದೆ. ಡಿವಿಡಿಯ ಓದುಗನು ತಿದ್ದಲಾರನು. ಬೇರೊಂದು ಯಂತ್ರದಲ್ಲಿ ತೆರೆದು ನೋಡುವುದು ಆದಕಾರಣ ಅವಶ್ಯಕ. ಮೇಲ್ಮೈಯಲ್ಲಿ ಹೆಸರು ಬರೆಯಲು ನೀರಿನ ಶಾಯಿಯ ಮೆತ್ತನೆಯ ಪೆನ್ನು ಮಾತ್ರ ಯೋಗ್ಯ. ಬಿಸಿಲು, ಸೆಕೆ ತಟ್ಟೆಗಳಿಗೆ ಆಗದು.

ಈಚಿನ ಲ್ಯಾಪ್‌ಟಾಪುಗಳಲ್ಲಿ ಬಹುಮಟ್ಟಿಗೆ ಒಳಡ್ರೈವ್ ಇರುವುದಿಲ್ಲ. ಯುಎಸ್‌ಬಿ ಮೂಲಕ ಜೋಡಿಸುವ ಹೊರಡ್ರೈವಿಗೂ ಮೇಲಿನ ಕ್ರಮವೇ ಸಲ್ಲುತ್ತದೆ. ಎರಡನೆಯ ಸಲದ ಹನ್ನೆರಡೂ ತಟ್ಟೆಗಳು ಸರಿಯಾಗಿ ತೆರೆದುಕೊಂಡುವೆಂದು ಉತ್ತರಗಳು ಬಂದಿವೆ. ಮಾತೃಕೆಯ ಎರಡು ಪ್ರತಿಗಳು ಬೇರೆಬೇರೆ ಹಾರ್ಡ್‌ಡಿಸ್ಕುಗಳಲ್ಲಿ ವಿಭಾಗದಲ್ಲಿವೆ. ಬೇಕಾದ ಕಾಲೇಜುಗಳು ಬರೆದು ಕೇಳಬಹುದು.