ಚಿಟ್ಟೆ ಹಿಂಡು ಹಾರಿದರೆ ಭರ್ಜರಿ ಮಳೆ ಗ್ಯಾರಂಟಿಯಾ? ಬಂಗಾರಪೇಟೆಯ ಬಯಲಲ್ಲಿ ನಿಂತು ನೋಡೋಣ

"ಸಾವಿರಾರು ಚಿಟ್ಟೆಗಳು ಒಂದೇ ದಿಕ್ಕಿಗೆ ಹಾರುತ್ತಿವೆ, ಈ ವರ್ಷ ಭರ್ಜರಿ ಮಳೆ, ಎಲ್ಲರಿಗೂ ತಿಳಿಸಿ." ಇಂಥ ಸಂದೇಶ ನೋಡಲು ಚೆಂದ, ಫಾರ್ವರ್ಡ್ ಮಾಡಲು ಇನ್ನೂ ಚೆಂದ. ಆದರೆ ಬಂಗಾರಪೇಟೆ ಕಡೆ ಮಳೆಯನ್ನೇ ನಂಬಿ ರಾಗಿ ಬಿತ್ತುವವರಿಗೆ ಇದು ದುಡ್ಡಿನ ಪ್ರಶ್ನೆ. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬೀಜವೂ ಹೋಯಿತು, ಉಳುಮೆಯ ಖರ್ಚೂ ಹೋಯಿತು. ಹಾಗಾಗಿ ಈ ಮಾತಿನಲ್ಲಿ ಎಷ್ಟು ನಿಜವಿದೆ ನೋಡೋಣ.

ಅರ್ಧ ನಿಜವಿದೆ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಎಂಬ ಚಿಟ್ಟೆಗಳು ದಕ್ಷಿಣ ಭಾರತದಲ್ಲಿ ನಿಜವಾಗಿಯೂ ಗುಂಪಾಗಿ ವಲಸೆ ಹೋಗುತ್ತವೆ. ಈಗ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿರುವ ಚಿಟ್ಟೆ ತಜ್ಞ ಕೃಷ್ಣಮೇಘ ಕುಂಟೆ ಈ ವಲಸೆಯ ಬಗ್ಗೆ 2005ರಲ್ಲೇ ಅಧ್ಯಯನ ಪ್ರಕಟಿಸಿದ್ದಾರೆ. ಮುಂಗಾರು ಶುರುವಾಗುವ ಹೊತ್ತಿಗೆ ಇವು ಪಶ್ಚಿಮ ಘಟ್ಟ ಬಿಟ್ಟು ಪೂರ್ವದ ಬಯಲಿಗೆ ಬರುತ್ತವೆ. ಘಟ್ಟದಲ್ಲಿ ಆಗುಂಬೆಯಂಥ ಊರಿಗೆ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ಕೋಲಾರ ಜಿಲ್ಲೆಗೆ ಬೀಳುವುದು 700ರ ಆಸುಪಾಸು. ತೆಳು ರೆಕ್ಕೆಯ ಜೀವಕ್ಕೆ ಆ ಜಡಿಮಳೆಯಲ್ಲಿ ಬದುಕುವುದು ಕಷ್ಟ. ಅಂದರೆ ಮಳೆಯಿಂದ ತಪ್ಪಿಸಿಕೊಂಡು ಬಂದ ಅತಿಥಿಗಳನ್ನು ನಾವು ಮಳೆ ತರುವವರೆಂದು ಸ್ವಾಗತಿಸುತ್ತಿದ್ದೇವೆ! ಅಕ್ಟೋಬರ್-ನವೆಂಬರ್‌ನಲ್ಲಿ ಈ ವಲಸೆ ತಿರುಗಿ ಪಶ್ಚಿಮದ ಕಡೆಗೆ ಸಾಗುತ್ತದೆ. ಬಯಲಿನಲ್ಲಿ ಈ ಸಲ ಎಷ್ಟು ಮಳೆ ಬೀಳುತ್ತದೆ ಎಂಬ ಲೆಕ್ಕ ಅವುಗಳ ಬಳಿ ಇಲ್ಲ.

ಕೆರೆ ಅಂಚಿನ ಒದ್ದೆ ಮಣ್ಣಿನಲ್ಲಿ ಹಳದಿ, ಬಿಳಿ ಚಿಟ್ಟೆಗಳು ಗುಂಪಾಗಿ ಕೂತಿರುವುದನ್ನು ನೀವು ನೋಡಿರಬಹುದು. ಅದೂ ಮಳೆಯ ಸೂಚನೆಯಲ್ಲ. ಮಣ್ಣಿನಲ್ಲಿರುವ ಉಪ್ಪಿನಂಶ ಹೀರಲು ಬರುವ ಇವುಗಳಲ್ಲಿ ಹೆಚ್ಚಿನವು ಗಂಡು.

ಊರಿನಲ್ಲೇ ಹುಟ್ಟುವ ಚಿಟ್ಟೆಗಳ ಕತೆ ಬೇರೆ. ಮಳೆ ಬಿದ್ದರೆ ಗಿಡ ಚಿಗುರುತ್ತದೆ, ಚಿಗುರು ಕಂಡರೆ ಹೆಣ್ಣು ಚಿಟ್ಟೆ ಮೊಟ್ಟೆ ಇಡುತ್ತದೆ. ಮೊಟ್ಟೆ, ಹುಳ, ಗೂಡು ದಾಟಿ ಚಿಟ್ಟೆಯಾಗಲು ಎಷ್ಟೋ ಜಾತಿಗಳಿಗೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಕೋಲಾರದ ಕಡೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಳೆ ಜೋರು. ಆದ್ದರಿಂದ ಮಳೆಗಾಲದ ಕೊನೆಯಲ್ಲಿ ಹೊಲದ ಬದುಗಳಲ್ಲಿ ಚಿಟ್ಟೆ ತುಂಬುತ್ತದೆ, ಬಿರುಬೇಸಿಗೆಯಲ್ಲಿ ಕಮ್ಮಿಯಾಗುತ್ತದೆ. ಅಲ್ಲಿ ಕಾಣುವ ಚಿಟ್ಟೆ ಹೋದ ತಿಂಗಳ ಮಳೆಯ ರಸೀದಿ. ಅದನ್ನು ನೋಡಿ ಮುಂದಿನ ಮಳೆ ಹೇಳಲಾಗದು. ಬಿತ್ತನೆಗೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೋ ಮೇಘದೂತ್ ಆ್ಯಪನ್ನೋ ನೋಡಿ. ಅದೂ ಕೆಲವೊಮ್ಮೆ ತಪ್ಪುತ್ತದೆ, ನಿಜ; ಆದರೂ ಚಿಟ್ಟೆಗಿಂತ ವಾಸಿ.

ಒಂದೇ ಮಳೆ ಬಿದ್ದರೂ ಒಂದು ಕಡೆ ಚಿಟ್ಟೆ ತುಂಬಿರುತ್ತದೆ, ಪಕ್ಕದಲ್ಲೇ ಖಾಲಿ. ಏಕೆ? ದೊಡ್ಡ ಚಿಟ್ಟೆ ಸಿಕ್ಕ ಹೂವಿನ ಮಕರಂದ ಕುಡಿಯುತ್ತದೆ, ಮರಿಹುಳ ಹಾಗಲ್ಲ. ಅದಕ್ಕೆ ತನ್ನದೇ ಗಿಡ ಬೇಕು. ಪ್ಲೇನ್ ಟೈಗರ್ ಮರಿಗೆ ಎಕ್ಕ, ಹಳದಿ-ಬಿಳಿ ಎಮಿಗ್ರಂಟ್‌ಗಳಿಗೆ ತಂಗಡಿ ಮತ್ತು ಕಕ್ಕೆ, ಕಾಮನ್ ಕ್ಯಾಸ್ಟರ್‌ಗೆ ಹರಳು ಗಿಡ, ಕೆರೆ ಅಂಗಳದ ಪುಟ್ಟ ಬಾಬುಲ್ ಬ್ಲೂಗಳಿಗೆ ಜಾಲಿ. ಇವುಗಳಲ್ಲಿ ಅರ್ಧ ಗಿಡಗಳನ್ನು ನಾವು ಕಳೆ ಎಂದು ಬೆಂಕಿ ಹಾಕುತ್ತೇವೆ! ನೀಲಗಿರಿ ತೋಪಿನಲ್ಲಿ ಹಸಿರಿದ್ದರೂ ಈ ಯಾವ ಮರಿಗೂ ಆ ಎಲೆ ಊಟವಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯ ಸೈನೈಡ್ ಗುಡ್ಡಗಳ ಮೇಲೆ ಗಿಡವೇ ಇಲ್ಲದ ಭಾಗದಲ್ಲಿ ಚಿಟ್ಟೆ ಕಂಡರೂ ಅದು ದಾರಿಹೋಕ ಮಾತ್ರ. ಮೊಟ್ಟೆ ಇಡಲು ಅಲ್ಲಿ ಜಾಗವಿಲ್ಲ.

ನಿಮ್ಮ ಹಿತ್ತಲಲ್ಲೇ ಪರೀಕ್ಷಿಸಬಹುದು. ಕರಿಬೇವು ಅಥವಾ ನಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಅಂಟಿಕೊಂಡಿದ್ದರೆ ಹತ್ತಿರ ಹೋಗಿ ನೋಡಿ. ಮೆಲ್ಲಗೆ ಅಲುಗಾಡಿದರೆ ಅದು ಲೈಮ್ ಅಥವಾ ಕಾಮನ್ ಮಾರ್ಮನ್ ಚಿಟ್ಟೆಯ ಎಳೆ ಮರಿ. ನಿಂಬೆಯ ಸಣ್ಣ ಸಸಿಯಾದರೆ ಅದು ಎಲೆಯನ್ನೆಲ್ಲ ಬೋಳು ಮಾಡಬಹುದು, ಕೈಯಲ್ಲೇ ಎತ್ತಿ ದೊಡ್ಡ ಗಿಡಕ್ಕೆ ಬಿಡಿ. ದೊಡ್ಡ ಕರಿಬೇವಿಗೆ ನಾಲ್ಕು ಹುಳದಿಂದ ಏನೂ ಆಗದು, ಔಷಧಿ ಹೊಡೆಯಬೇಕಿಲ್ಲ. ಒಗ್ಗರಣೆಗೆ ಬೇಕಾದಷ್ಟು ಉಳಿದೇ ಇರುತ್ತದೆ.